ಹೀಬ್ರೂ ಅರಸರ ಮತ್ತು ಪ್ರವಾದಿಗಳ ಕಾಲಪಟ್ಟಿಯನ್ನು ಸಿದ್ಧಪಡಿಸುವ ಬಗೆ

ಬೈಬಲಿನ ಅರಸುಗಳ ಎರಡು ಗ್ರಂಥಗಳನ್ನು ಮನಸ್ಸಿಟ್ಟು ಓದುವವರನ್ನು ಮೊದಲು ತಡೆದು ನಿಲ್ಲಿಸುವುದು ಅಲ್ಲಿನ ವರ್ಷಗಳ ಲೆಕ್ಕ. ಯೆಹೂದದ ಇಂಥ ಅರಸನ ಇಷ್ಟನೆಯ ವರ್ಷದಲ್ಲಿ ಇಸ್ರಾಯೇಲಿನ ಇಂಥವನು ಪಟ್ಟಕ್ಕೆ ಬಂದು ಇಷ್ಟು ವರ್ಷ ಆಳಿದನು ಎಂದು ಹೆಚ್ಚುಕಡಿಮೆ ಪ್ರತಿಯೊಬ್ಬ ಅರಸನ ವಿಷಯದಲ್ಲೂ ಬರೆದಿದೆ. ಆದರೆ ಆ ಸಂಖ್ಯೆಗಳನ್ನು ಕೂಡಿಸುತ್ತ ಹೋದರೆ ದಕ್ಷಿಣದ ಯೆಹೂದ, ಉತ್ತರದ ಇಸ್ರಾಯೇಲ್ ಎಂಬ ಎರಡು ರಾಜ್ಯಗಳ ಮೊತ್ತ ಒಂದಕ್ಕೊಂದು ತಾಳೆಯಾಗುವುದಿಲ್ಲ. ಇದನ್ನು ಲಿಪಿಕಾರರ ಅಜಾಗರೂಕತೆ ಎಂದು ತಳ್ಳಿಹಾಕುವುದು ತಪ್ಪು. ಬರೆದವರು ಯಾವ ಪದ್ಧತಿಯಿಂದ ಎಣಿಸಿದರು ಎಂಬುದನ್ನು ಕಂಡುಕೊಂಡರೆ ಬಹುಪಾಲು ಸಂಖ್ಯೆಗಳು ತಾವಾಗಿಯೇ ತಮ್ಮ ಜಾಗದಲ್ಲಿ ಕೂರುತ್ತವೆ. ಬಳ್ಳಾರಿ ಸೀಮೆಯ ಬೈಬಲ್ ತರಗತಿಗಳಲ್ಲಿ ಪಾಠ ಹೇಳುವವರಿಗೂ ಪ್ರಾಚೀನ ಇತಿಹಾಸದಲ್ಲಿ ಆಸಕ್ತಿಯುಳ್ಳವರಿಗೂ ಸ್ವಂತ ಕೈಯಿಂದ ಇಂಥ ಪಟ್ಟಿಯೊಂದನ್ನು ಕಟ್ಟಿಕೊಳ್ಳಲು ನೆರವಾಗಲೆಂದು ಇದನ್ನು ಬರೆದಿದ್ದೇನೆ.

ಶಾಸನಗಳ ನಡುವೆ ಬೆಳೆದ ನಮ್ಮ ಭಾಗದವರಿಗೆ ಈ ಬಗೆಯ ಕೆಲಸ ತೀರ ಅಪರಿಚಿತವಲ್ಲ. 1915ರಲ್ಲಿ ಬೆಳಕಿಗೆ ಬಂದ ರಾಯಚೂರು ಜಿಲ್ಲೆಯ ಮಸ್ಕಿ ಶಾಸನವು ಇತರ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಖಚಿತಪಡಿಸಿತು. ಆದರೆ ಅಶೋಕನ ಕಾಲ ಯಾವುದೆಂದು ಗೊತ್ತಾದದ್ದು ಅವನ ಹದಿಮೂರನೆಯ ಬಂಡೆಶಾಸನದಲ್ಲಿ ಅಂತಿಯೋಕ, ತುರಮಾಯ ಮೊದಲಾದ ಐವರು ಗ್ರೀಕ್ ಅರಸರ ಹೆಸರು ಬಂದಿರುವುದರಿಂದ. ಅವರ ಕಾಲ ಬೇರೆ ಆಧಾರಗಳಿಂದ ತಿಳಿದಿದ್ದ ಕಾರಣ ಅಶೋಕನ ಕಾಲವೂ ತಿಳಿಯಿತು. ಹೀಬ್ರೂ ಅರಸರ ವಿಷಯದಲ್ಲೂ ದಾರಿ ಇದೇ ಆಗಿದೆ. ಹೊರಗಿನ ಖಚಿತ ವರ್ಷಗಳನ್ನು ಮೊದಲು ನೆಟ್ಟು, ಅಲ್ಲಿಂದ ಒಳಕ್ಕೆ ಎಣಿಸಬೇಕು. ಆದಾಮನಿಂದಲೋ ದಾವೀದನಿಂದಲೋ ಆರಂಭಿಸಿ ಕೆಳಕ್ಕೆ ಎಣಿಸಲು ಹೊರಟರೆ ಮೊದಲ ಹೆಜ್ಜೆಯಲ್ಲಾದ ಚಿಕ್ಕ ವ್ಯತ್ಯಾಸ ಕೊನೆಯವರೆಗೂ ಹಿಂಬಾಲಿಸುತ್ತದೆ.

ಗ್ರಾಫ್ ಹಾಳೆಗಳನ್ನು ಉದ್ದಕ್ಕೆ ಅಂಟಿಸಿಕೊಂಡು, ಒಂದು ಚೌಕಕ್ಕೆ ಒಂದು ವರ್ಷದಂತೆ ಕ್ರಿ.ಪೂ. 940ರಿಂದ 510ರವರೆಗೆ ಗುರುತು ಹಾಕಿ. ಮೇಲಿನ ಸಾಲು ಯೆಹೂದಕ್ಕೆ, ಅದರ ಕೆಳಗಿನದು ಇಸ್ರಾಯೇಲಿಗೆ, ಮೂರನೆಯದು ಅಶ್ಶೂರ ಮತ್ತು ಬಾಬಿಲೋನಿಗೆ ಇರಲಿ. ನಾಲ್ಕನೆಯದಾದ ಪ್ರವಾದಿಗಳ ಸಾಲನ್ನು ಸದ್ಯಕ್ಕೆ ಖಾಲಿ ಬಿಡಿ. ಮೂರನೆಯ ಸಾಲನ್ನು ಮಾತ್ರ ಶಾಯಿಯಲ್ಲಿ ಬರೆದು, ಉಳಿದುದನ್ನೆಲ್ಲ ಪೆನ್ಸಿಲಿನಲ್ಲಿ ಬರೆಯುವುದು ಒಳ್ಳೆಯದು.

ಶಾಯಿಯಲ್ಲಿ ಬರೆಯಬಹುದಾದ ವರ್ಷಗಳು ನಮಗೆ ದೊರೆಯುವುದು ಅಶ್ಶೂರರ ದಾಖಲೆಗಳಿಂದ. ಅವರು ಪ್ರತಿ ವರ್ಷಕ್ಕೂ ಒಬ್ಬ ಅಧಿಕಾರಿಯ ಹೆಸರಿಟ್ಟು ಪಟ್ಟಿ ಮಾಡುತ್ತಿದ್ದರು. ಆ ಪಟ್ಟಿಯಲ್ಲಿ ಬುರ್ ಸಗಲೆ ಎಂಬವನ ವರ್ಷದಲ್ಲಿ ಸೂರ್ಯಗ್ರಹಣವಾಯಿತೆಂದು ಬರೆದಿದೆ. ಖಗೋಳ ಗಣಿತದ ಪ್ರಕಾರ ಅದು ಕ್ರಿ.ಪೂ. 763ರ ಜೂನ್ 15ರಂದು ಆದ ಗ್ರಹಣ. ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಎಣಿಸಿದಾಗ ಅಶ್ಶೂರದ ಅರಸ ಮೂರನೆಯ ಶಲ್ಮನೆಸೆರನು ಸಿರಿಯದ ಕರ್ಕರದಲ್ಲಿ ಯುದ್ಧ ಮಾಡಿದ ವರ್ಷ 853 ಎಂದಾಗುತ್ತದೆ. ಆ ಯುದ್ಧದಲ್ಲಿ ಅವನ ವಿರುದ್ಧ ನಿಂತವರಲ್ಲಿ ಇಸ್ರಾಯೇಲಿನ ಅಹಾಬನೂ ಇದ್ದನೆಂದೂ ಅವನು 2,000 ರಥಗಳನ್ನು ತಂದಿದ್ದನೆಂದೂ ಶಲ್ಮನೆಸೆರನ ಶಾಸನವೇ ಹೇಳುತ್ತದೆ. ಅದೇ ಶಲ್ಮನೆಸೆರನಿಗೆ ಇಸ್ರಾಯೇಲಿನ ಅರಸ ಯೇಹು ಕಪ್ಪ ಸಲ್ಲಿಸಿದ್ದು 841ರಲ್ಲಿ. ಈ ಎರಡರ ಜೊತೆಗೆ ಇಸ್ರಾಯೇಲಿನ ರಾಜಧಾನಿ ಸಮಾರ್ಯ ಬಿದ್ದ 722, ಅಶ್ಶೂರದ ಸನ್ಹೇರೀಬನು ಯೆಹೂದದ ಮೇಲೆ ಬಂದ 701, ಕರ್ಕೆಮೀಷ್ ಯುದ್ಧ ನಡೆದ 605, ಬಾಬಿಲೋನಿನ ನೆಬೂಕದ್ನೆಚ್ಚರನು ಯೆಹೂದದ ರಾಜಧಾನಿ ಜೆರೂಸಲೇಮನ್ನು ಹಿಡಿದ 597 ಇವನ್ನೂ ಬರೆದುಕೊಳ್ಳಿ. ಕೊನೆಯದಕ್ಕೆ ಬಾಬಿಲೋನಿನ ವೃತ್ತಾಂತ ಫಲಕದಲ್ಲಿ ದಿನವೂ ಸಿಗುತ್ತದೆ. ನಮ್ಮ ಲೆಕ್ಕದಲ್ಲಿ ಅದು ಮಾರ್ಚ್ 16.

ಈಗ 853 ಮತ್ತು 841ರ ನಡುವಣ ಭಾಗವನ್ನು ನಿಧಾನವಾಗಿ ನೋಡೋಣ, ಏಕೆಂದರೆ ಇಡೀ ಪಟ್ಟಿಯ ಕೀಲಿಕೈ ಇಲ್ಲಿದೆ. ಅಹಾಬನ ತರುವಾಯ ಅಹಜ್ಯನು ಎರಡು ವರ್ಷ, ಯೆಹೋರಾಮನು ಹನ್ನೆರಡು ವರ್ಷ ಆಳಿದ ಮೇಲೆ ಯೇಹು ಬಂದನು. ಒಟ್ಟು ಹದಿನಾಲ್ಕು ವರ್ಷ. ಆದರೆ 853ರಿಂದ 841ಕ್ಕೆ ಇರುವುದು ಹನ್ನೆರಡೇ ವರ್ಷ. ಇದಕ್ಕೆ ಉತ್ತರ ಇಸ್ರಾಯೇಲಿನ ಹಿಂದಿನ ಅರಸ ಏಲನ ಆಳ್ವಿಕೆಯಲ್ಲಿ ಸಿಗುತ್ತದೆ. ಯೆಹೂದದ ಆಸನ 26ನೆಯ ವರ್ಷದಲ್ಲಿ ಏಲನು ಪಟ್ಟಕ್ಕೆ ಬಂದನು, 27ನೆಯ ವರ್ಷದಲ್ಲಿ ಜಿಮ್ರಿ ಅವನನ್ನು ಕೊಂದನು. ಆದರೂ ಗ್ರಂಥವು ಏಲನು ಎರಡು ವರ್ಷ ಆಳಿದನೆನ್ನುತ್ತದೆ. ಅಂದರೆ ಇಸ್ರಾಯೇಲಿನ ಲಿಪಿಕಾರರು ಪಟ್ಟಕ್ಕೆ ಬಂದ ಮುರುಕು ವರ್ಷವನ್ನು ಒಂದು ಪೂರ್ಣ ವರ್ಷವೆಂದು ಹಿಡಿಯುತ್ತಿದ್ದರು, ಮತ್ತು ಅದೇ ವರ್ಷ ಸತ್ತವನ ಲೆಕ್ಕಕ್ಕೂ ಸೇರಿಸುತ್ತಿದ್ದರು. ಒಂದೇ ವರ್ಷ ಇಬ್ಬರ ಖಾತೆಗೆ ಬೀಳುತ್ತಿತ್ತು. ಆದ್ದರಿಂದ ಪ್ರತಿ ಅರಸನ ಸಂಖ್ಯೆಯಿಂದ ಒಂದನ್ನು ಕಳೆಯಬೇಕು: ಅಹಜ್ಯನಿಗೆ ಒಂದು, ಯೆಹೋರಾಮನಿಗೆ ಹನ್ನೊಂದು, ಒಟ್ಟು ಹನ್ನೆರಡು. ಅಹಾಬನ ಕೊನೆಯ ವರ್ಷ 853, ಯೇಹುವಿನ ಮೊದಲ ವರ್ಷ 841. ನಮ್ಮ ಶಾಸನಗಳಲ್ಲಿ ಶಕವರ್ಷವನ್ನು ಸಂದ ವರ್ಷವೆಂದು ಹಿಡಿಯಬೇಕೋ ನಡೆಯುತ್ತಿರುವ ವರ್ಷವೆಂದು ಹಿಡಿಯಬೇಕೋ ಎಂದು ಸಂವತ್ಸರದ ಹೆಸರಿನೊಡನೆ ತಾಳೆ ನೋಡುವವರಿಗೆ ಈ ಒಂದು ವರ್ಷದ ಬೆಲೆ ಚೆನ್ನಾಗಿ ಗೊತ್ತು.

ಇದೇ ನಿಯಮವನ್ನು ಒಂದಾಗಿದ್ದ ರಾಜ್ಯ ಎರಡಾಗಿ ಒಡೆದ ಕಾಲದವರೆಗೆ ಹಿಂದಕ್ಕೆ ಒಯ್ಯಿರಿ. ಯಾರೊಬ್ಬಾಮನ 22, ನಾದಾಬನ 2, ಬಾಷನ 24, ಏಲನ 2, ಒಮ್ರಿಯ 12, ಅಹಾಬನ 22, ಅಹಜ್ಯನ 2, ಯೆಹೋರಾಮನ 12 ಸೇರಿ 98 ಆಗುತ್ತವೆ. ಏಳೇ ದಿನ ಆಳಿದ ಜಿಮ್ರಿಯನ್ನು ಬಿಟ್ಟರೆ ಅರಸರು ಎಂಟು ಮಂದಿ. ಎಂಟನ್ನು ಕಳೆದರೆ 90, ಅದನ್ನು 841ಕ್ಕೆ ಕೂಡಿಸಿದರೆ 931. ಯೆಹೂದದ ಕಡೆಯಿಂದ ರೆಹಬ್ಬಾಮನ 17, ಅಬೀಯಾಮನ 3, ಆಸನ 41, ಯೆಹೋಷಾಫಾಟನ 25, ಯೆಹೋರಾಮನ 8, ಅಹಜ್ಯನ 1 ಸೇರಿ 95. ಯೇಹು ಎರಡೂ ರಾಜ್ಯಗಳ ಅರಸರನ್ನು ಒಂದೇ ಸಂದರ್ಭದಲ್ಲಿ ಕೊಂದದ್ದರಿಂದ ಈ ಮೊತ್ತವೂ 90ಕ್ಕೆ ಇಳಿಯಲೇಬೇಕು. ಯೆಹೂದದಲ್ಲಿ ಮುರುಕು ವರ್ಷವನ್ನು ಎಣಿಸದೆ, ಮುಂದಿನ ಹೊಸ ವರ್ಷದಿಂದಲೇ ಮೊದಲ ವರ್ಷವೆನ್ನುವ ಪದ್ಧತಿಯಿತ್ತು. ಆದರೆ ಯೆಹೂದದ ಈ ಯೆಹೋರಾಮನು ಅಹಾಬನ ಮನೆತನದ ಅತಲ್ಯಳನ್ನು ಮದುವೆಯಾದವನು, ಅವನ ಮತ್ತು ಅವನ ಮಗನ ಕಾಲದಲ್ಲಿ ಉತ್ತರದ ಪದ್ಧತಿ ಅಲ್ಲಿಗೂ ಬಂದಿತು. ಆ ಇಬ್ಬರಿಂದ ಒಂದೊಂದು ಕಳೆದರೆ 93. ಉಳಿದ ಮೂರು ವರ್ಷ ಆಸನು ಕಾಲಿನ ರೋಗದಿಂದ ನರಳುತ್ತಿದ್ದಾಗ ಯೆಹೋಷಾಫಾಟನು ತಂದೆಯ ಜೊತೆಯಲ್ಲೇ ಆಳಿದ ಕಾಲ. ರೋಗ ಹತ್ತಿದ್ದು 39ನೆಯ ವರ್ಷದಲ್ಲೆಂದು ಬೈಬಲಿನ ಪೂರ್ವಕಾಲವೃತ್ತಾಂತದಲ್ಲಿದೆ. ಎಡ್ವಿನ್ ಥೀಲೆ ಎಂಬ ವಿದ್ವಾಂಸರು ಬಿಡಿಸಿ ತೋರಿಸಿದ ಈ ಲೆಕ್ಕ ನನಗೆ ಬಹಳ ಮೆಚ್ಚುಗೆಯಾದುದು. ಇನ್ನೊಬ್ಬ ವಿದ್ವಾಂಸರಾದ ಆಲ್ಬ್ರೈಟ್ ಅವರು ರಾಜ್ಯ ಒಡೆದದ್ದು 922ರಲ್ಲೆಂದು ಹೇಳಿದ್ದಾರೆ. ಹಳೆಯ ಬೈಬಲುಗಳ ಅಂಚಿನಲ್ಲಿ ಅಚ್ಚಾಗುತ್ತಿದ್ದ, ಹದಿನೇಳನೆಯ ಶತಮಾನದ ಐರಿಷ್ ಆರ್ಚ್‌ಬಿಷಪ್ ಅಷರರ 975ನ್ನು ಇಂದು ಒಪ್ಪುವುದು ಕಷ್ಟ.

ವರ್ಷಾರಂಭದ ವಿಷಯದಲ್ಲೂ ಎಚ್ಚರ ಬೇಕು. ನಮ್ಮ ಯುಗಾದಿಯ ಆಸುಪಾಸಿನಲ್ಲಿ ಬರುವ ನೀಸಾನ್ ತಿಂಗಳಿಂದ ಎಣಿಸುವವರೂ ಇದ್ದರು, ದಸರೆಯ ಹೊತ್ತಿಗೆ ಬರುವ ತಿಷ್ರಿಯಿಂದ ಎಣಿಸುವವರೂ ಇದ್ದರು. ಆದಕಾರಣವೇ 931/930 ಎಂದು ಎರಡು ಸಂಖ್ಯೆಗಳನ್ನು ಓರೆಗೆರೆಯಿಟ್ಟು ಬರೆಯುವ ರೂಢಿ ಬಂದಿದೆ. ನೆಬೂಕದ್ನೆಚ್ಚರನು ಯೆಹೂದದ ಅರಸ ಯೆಹೋಯಾಖೀನನನ್ನು ಸೆರೆಹಿಡಿದದ್ದು ತನ್ನ ಆಳ್ವಿಕೆಯ ಎಂಟನೆಯ ವರ್ಷದಲ್ಲೆಂದು ಅರಸುಗಳ ಗ್ರಂಥವೂ, ಏಳನೆಯ ವರ್ಷದಲ್ಲೆಂದು ಯೆರೆಮೀಯನ ಕೊನೆಯ ಅಧ್ಯಾಯವೂ ಹೇಳುವುದು ಇಂಥ ಎಣಿಕೆಯ ಭೇದದಿಂದಲೇ. ಜೆರೂಸಲೇಮಿನ ನಾಶ 587ರಲ್ಲೋ 586ರಲ್ಲೋ ಎಂಬ ಚರ್ಚೆಗೂ ಬೇರು ಅಲ್ಲೇ ಇದೆ; ಪಟ್ಟಿಯಲ್ಲಿ ಎರಡನ್ನೂ ಬರೆಯಿರಿ.

ಯೇಹುವಿನಿಂದ ಸಮಾರ್ಯದ ಪತನದವರೆಗಿನ ಭಾಗ ಹೆಚ್ಚು ಕಠಿಣ. 841ರಿಂದ 722ಕ್ಕೆ ಇರುವುದು 119 ವರ್ಷ. ಇಸ್ರಾಯೇಲಿನ ಅರಸರ ಮೊತ್ತ 143 ದಾಟುತ್ತದೆ, ಯೆಹೂದದ ಮೊತ್ತವಂತೂ ಹಿಜ್ಕೀಯನ ಆರನೆಯ ವರ್ಷದವರೆಗೆ 165 ಆಗುತ್ತದೆ. ಇಷ್ಟು ದೊಡ್ಡ ಅಂತರ ತಂದೆಮಕ್ಕಳು ಒಟ್ಟಿಗೆ ಆಳಿದ ವರ್ಷಗಳಿಂದ ಮಾತ್ರ ತುಂಬಬಲ್ಲದು. ಉಜ್ಜೀಯನಿಗೆ ಕುಷ್ಠ ಹತ್ತಿ ಅವನು ಪ್ರತ್ಯೇಕ ಮನೆಯಲ್ಲಿದ್ದಾಗ ಮಗ ಯೋತಾಮನು ಆಡಳಿತ ನಡೆಸಿದನೆಂದು ಗ್ರಂಥವೇ ಹೇಳುವುದರಿಂದ ಇದು ಬರಿಯ ಊಹೆಯಲ್ಲ. ಹಿಜ್ಕೀಯನ ಆರನೆಯ ವರ್ಷದಲ್ಲಿ ಸಮಾರ್ಯ ಬಿದ್ದಿತು, ಹದಿನಾಲ್ಕನೆಯ ವರ್ಷದಲ್ಲಿ ಸನ್ಹೇರೀಬನು ಬಂದನು ಎಂಬ ಎರಡು ಮಾತುಗಳ ನಡುವೆ ಎಂಟು ವರ್ಷವಿದ್ದರೆ, ಅಶ್ಶೂರದ ದಾಖಲೆಯಲ್ಲಿ ಇಪ್ಪತ್ತೊಂದು ವರ್ಷವಿದೆ. ಕೆಲವರು ಮೊದಲ ಮಾತನ್ನು ಬದಿಗಿಡುತ್ತಾರೆ. ಹಿಜ್ಕೀಯನು ಸುಮಾರು 729ರಿಂದ ತಂದೆ ಆಹಾಜನ ಜೊತೆಯಲ್ಲೂ 715ರಿಂದ ಒಬ್ಬನೇ ಆಗಿಯೂ ಆಳಿದನೆಂದು ಹಿಡಿದರೆ ಎರಡೂ ಉಳಿಯುತ್ತವೆ, ಹಾಗಾಗಿ ನಾನು ಅದನ್ನೇ ಬೆಂಬಲಿಸುತ್ತೇನೆ. ಜೊತೆಯಾಳ್ವಿಕೆಯನ್ನು ಚುಕ್ಕೆಗೆರೆಯಿಂದಲೂ ಏಕಾಳ್ವಿಕೆಯನ್ನು ತುಂಬುಗೆರೆಯಿಂದಲೂ ತೋರಿಸಿ.

ಹೆಸರುಗಳ ಗೊಂದಲವನ್ನೂ ಇಲ್ಲೇ ತಪ್ಪಿಸಿಕೊಳ್ಳಬೇಕು. ಯೆಹೋರಾಮ, ಅಹಜ್ಯ, ಯೆಹೋವಾಹಾಜ, ಯೆಹೋವಾಷ ಎಂಬ ಹೆಸರಿನವರು ಎರಡೂ ರಾಜ್ಯಗಳಲ್ಲಿದ್ದಾರೆ. ಹೋಶೇಯನೆಂಬ ಅರಸನೂ ಪ್ರವಾದಿಯೂ ಇದ್ದಾರೆ. ಅಜರ್ಯನೂ ಉಜ್ಜೀಯನೂ ಒಬ್ಬನೇ. ಪ್ರತಿ ಹೆಸರಿನ ಪಕ್ಕದಲ್ಲಿ ರಾಜ್ಯದ ಮೊದಲಕ್ಷರವನ್ನು ಬರೆದರೆ ಸಾಕು.

ಪ್ರವಾದಿಗಳನ್ನು ಕೊನೆಗೆ ಸೇರಿಸಬೇಕು, ಏಕೆಂದರೆ ಅವರ ಕಾಲವನ್ನು ಗ್ರಂಥಗಳು ಅರಸರ ಹೆಸರಿನಿಂದಲೇ ಹೇಳುತ್ತವೆ. ಎಲೀಯನನ್ನು ಅಹಾಬನ ಕೆಳಗೂ ಎಲೀಷನನ್ನು ಯೆಹೋರಾಮನಿಂದ ಯೆಹೋವಾಷನವರೆಗೂ ಬರೆಯಿರಿ. ಆಮೋಸನು ಉಜ್ಜೀಯ ಮತ್ತು ಎರಡನೆಯ ಯಾರೊಬ್ಬಾಮರ ಕಾಲದವನು. ಭೂಕಂಪಕ್ಕೆ ಎರಡು ವರ್ಷ ಮುಂಚೆ ನುಡಿದನೆಂಬ ಅವನ ಗ್ರಂಥದ ಮಾತು ಕೇಳಿದವರ ನೆನಪಿನಲ್ಲಿ ಆ ಭೂಕಂಪ ಎಷ್ಟು ಆಳವಾಗಿ ಉಳಿದಿತ್ತೆಂಬುದನ್ನು ತೋರಿಸುತ್ತದೆ. ಯೆಶಾಯನ ದರ್ಶನ ಉಜ್ಜೀಯನು ಸತ್ತ ವರ್ಷ, ಅಂದರೆ ಸುಮಾರು 740. ಮೀಕನು ಯೋತಾಮನಿಂದ ಹಿಜ್ಕೀಯನವರೆಗೆ ಬರುತ್ತಾನೆ. ನಹೂಮನು ಅರಸನ ಹೆಸರು ಹೇಳುವುದಿಲ್ಲ. ಆದರೆ ಐಗುಪ್ತದ ನೋ (ಥೀಬ್ಸ್) ಪಟ್ಟಣ ಆಗಲೇ ಬಿದ್ದಿರುವುದನ್ನೂ ನಿನೆವೆ ಇನ್ನು ಬೀಳಲಿರುವುದನ್ನೂ ಹೇಳುವುದರಿಂದ ಅವನು 663 ಮತ್ತು 612ರ ನಡುವಿನವನು. ಯೆರೆಮೀಯನಿಗೆ ಕರೆ ಬಂದದ್ದು ಯೋಷೀಯನ ಹದಿಮೂರನೆಯ ವರ್ಷ, ಸುಮಾರು 627. ಯೆಹೆಜ್ಕೇಲನು ಯೆಹೋಯಾಖೀನನ ಸೆರೆಯ ವರ್ಷಗಳಿಂದ ಎಣಿಸುತ್ತಾನೆ; ಅವನ ಮೊದಲ ದರ್ಶನ ಅದರ ಐದನೆಯ ವರ್ಷ, ಅಂದರೆ 593. ಹಗ್ಗಾಯ ಮತ್ತು ಜೆಕರ್ಯರ ಕಾಲಕ್ಕೆ ಸ್ವದೇಶದ ಅರಸರೇ ಇರಲಿಲ್ಲ. ಅವರಿಬ್ಬರೂ ಪಾರಸಿಯ ದಾರ್ಯಾವೆಷನ ಎರಡನೆಯ ವರ್ಷವನ್ನು ಹೇಳುತ್ತಾರೆ, ಅದು 520. ಯೋವೇಲ ಮತ್ತು ಓಬದ್ಯರ ಗ್ರಂಥಗಳಲ್ಲಿ ಅರಸನ ಹೆಸರಾಗಲಿ ವರ್ಷವಾಗಲಿ ಇಲ್ಲವಾದ್ದರಿಂದ ಅವರ ಹೆಸರುಗಳನ್ನು ಯಾವ ಚೌಕಕ್ಕೂ ಸೇರಿಸದೆ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡಿ.