ಬಾಲನ್ಯಾಯ ಮಂಡಳಿಗೆ ಹೋದ ಹುಡುಗ ಶಾಲೆ ಬಿಡದಂತೆ: ಮುಖ್ಯೋಪಾಧ್ಯಾಯರು ಮಾಡಬೇಕಾದ್ದು

ಬಾಲನ್ಯಾಯ ಮಂಡಳಿ ಯಾವ ಹುಡುಗನಿಗೂ ‘ಶಾಲೆ ಬಿಡು’ ಅನ್ನುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 18ನೇ ಕಲಂ ‘ಶಾಲೆಗೆ ಹೋಗು’ ಎಂದು ಆದೇಶಿಸುವ ಅಧಿಕಾರವನ್ನೇ ಅದಕ್ಕೆ ಕೊಟ್ಟಿದೆ. ಆದರೂ ಹುಡುಗ ಶಾಲೆ ಬಿಡುತ್ತಾನೆ. ಸುದ್ದಿ ಊರೆಲ್ಲ ಹಬ್ಬಿರುತ್ತದೆ, ವಿಚಾರಣೆ ದಿನಾಂಕ ಪರೀಕ್ಷೆಯ ದಿನವೇ ಬಂದಿರುತ್ತದೆ, ಕೊನೆಗೆ ಯಾರೋ ‘ಸುಮ್ಮನೆ ಟಿಸಿ ತಗೊಂಡು ಹೋಗ್ರಿ’ ಅಂದಿರುತ್ತಾರೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಪ್ರೌಢಶಾಲೆಗಳನ್ನು ಮನಸ್ಸಿನಲ್ಲಿಟ್ಟು ಬರೆದ ಈ ವಿವರ ಹುಡುಗಿಯರಿಗೂ ಅನ್ವಯಿಸುತ್ತದೆ.

ಮೊದಲು ಯಾರು ಏನು ಎಂಬುದು ತಿಳಿದಿರಲಿ. ಅಪರಾಧದ ಆರೋಪವಿರುವ 18ರೊಳಗಿನವರ ವಿಷಯ ನೋಡುವುದು ಬಾಲನ್ಯಾಯ ಮಂಡಳಿ: ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ದಿಕ್ಕಿಲ್ಲದ, ದುಡಿಮೆಗೆ ಬಿದ್ದ, ಹಿಂಸೆಗೊಳಗಾದ ಮಕ್ಕಳದು ಮಕ್ಕಳ ಕಲ್ಯಾಣ ಸಮಿತಿ. ಮಂಡಳಿಯ ಪ್ರಕರಣಕ್ಕೆ ಸಮಿತಿಗೆ ಪತ್ರ ಬರೆದು ವಾರಗಟ್ಟಲೆ ಉತ್ತರ ಕಾಯುವ ಶಾಲೆಗಳಿವೆ. ನಿಮಗೆ ನಿಜವಾಗಿ ಬೇಕಾದವರು ಹುಡುಗನ ಹಿನ್ನೆಲೆ ವಿಚಾರಿಸಿ ಮಂಡಳಿಗೆ ವರದಿ ಕೊಡುವ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್). ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ ಅವರ ಫೋನ್ ನಂಬರನ್ನು ಜೂನ್‌ನಲ್ಲೇ ಬರೆದಿಟ್ಟುಕೊಳ್ಳಿ. ಪ್ರಕರಣ ಬಂದ ದಿನ ಹುಡುಕಲು ಹೋದರೆ ಅರ್ಧ ದಿನ ಅಲ್ಲೇ ಹೋಗುತ್ತದೆ.

ಶಾಲೆಯಲ್ಲೇ ಮುಗಿಯುವುದನ್ನು ಠಾಣೆಗೆ ಒಯ್ಯಬೇಡಿ. ಬೆಂಚು ಮುರಿದದ್ದು, ಗ್ರೌಂಡಿನಲ್ಲಿ ಬಡಿದಾಡಿದ್ದು, ಸಹಪಾಠಿಯ ಮೊಬೈಲ್ ಎತ್ತಿದ್ದು ಪಾಲಕರನ್ನು ಕೂರಿಸಿ ಮಾತಾಡಿದರೆ ಬಗೆಹರಿಯುತ್ತವೆ. ಲೈಂಗಿಕ ದೌರ್ಜನ್ಯ ಮಾತ್ರ ಹಾಗಲ್ಲ. ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಗೊತ್ತಾದವರು ತಿಳಿಸಲೇಬೇಕು. ಆರೋಪಿ ನಿಮ್ಮದೇ ವಿದ್ಯಾರ್ಥಿ ಎಂಬ ಕಾರಣಕ್ಕೆ ‘ಊರಿನ ಹಿರಿಯರ ಮುಂದೆ ಮುಗಿಸೋಣ’ ಎಂದು ಹೊರಟರೆ ನಿಮ್ಮ ಮೇಲೆಯೇ ಪ್ರಕರಣವಾಗುತ್ತದೆ.

ಪೊಲೀಸರು ಶಾಲೆಗೆ ಬಂದರೆ ಹುಡುಗನನ್ನು ತರಗತಿಯ ಬಾಗಿಲಿಂದ ಕರೆಸಬೇಡಿ. ಬೇರೇನೋ ಕೆಲಸದ ನೆಪದಲ್ಲಿ ನಿಮ್ಮ ಕೊಠಡಿಗೆ ಕರೆಸಿ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಬಂದವರು ಅವರೇನಾ ಎಂದು ಕೇಳಿ. ಹೆಸರು, ಠಾಣೆ, ಸಮಯ ಬರೆದುಕೊಂಡು ಅವರೆದುರಿಗೇ ಪಾಲಕರಿಗೆ ಫೋನ್ ಮಾಡಿ. ಕೈಕೋಳ ಹಾಕುವಂತಿಲ್ಲ, ಲಾಕಪ್ಪಿನಲ್ಲಿ ಇಡುವಂತಿಲ್ಲ, ಪ್ರಯಾಣದ ವೇಳೆ ಬಿಟ್ಟು 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ವಕೀಲರಿಗೆ ಕೊಡಲು ಹಣವಿಲ್ಲದ ಮನೆಯವರಿಗೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ ಸಂಖ್ಯೆ 15100 ಕೊಡಿ.

ಅಂದು ಸಂಜೆಯೇ ಶಾಲೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೊ, ಹೆಸರು ಓಡಾಡತೊಡಗುತ್ತವೆ. ಮಗುವಿನ ಹೆಸರು, ವಿಳಾಸ, ಶಾಲೆ ಬಯಲಾಗುವಂತೆ ಮಾಧ್ಯಮಗಳಲ್ಲಿ ಪ್ರಕಟಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ಶಿಕ್ಷೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಸಿಬ್ಬಂದಿಗೆ ಇದನ್ನು ಓದಿ ಹೇಳಿ. ವಿಷಯ ಮುಖ್ಯೋಪಾಧ್ಯಾಯರು ಮತ್ತು ತರಗತಿ ಶಿಕ್ಷಕರಿಗಷ್ಟೇ ಗೊತ್ತಿದ್ದರೆ ಸಾಕು. ಹಾಜರಿ ಪುಸ್ತಕದಲ್ಲಿ ಗೈರು ಎಂದಷ್ಟೇ ಇರಲಿ, ಪಕ್ಕದಲ್ಲಿ ಕಾರಣ ಬೇಡ. ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಹೆಸರು ತೆಗೆಯಲೇಬೇಡಿ.

ಹದಿನೈದು ದಿನದ ವರದಿ

ಮೊದಲ ಬಾರಿ ಹಾಜರುಪಡಿಸಿದ ದಿನದಿಂದ 15 ದಿನದೊಳಗೆ ಪರಿವೀಕ್ಷಣಾಧಿಕಾರಿ ಸಾಮಾಜಿಕ ತನಿಖಾ ವರದಿ ಸಲ್ಲಿಸಬೇಕು. ಮಂಡಳಿ ಆ ಹುಡುಗನನ್ನು ಅರಿಯುವುದು ಬಹುಪಾಲು ಅದರಿಂದಲೇ. ಅದರಲ್ಲಿ ಶಾಲೆಯ ಭಾಗವನ್ನು ನೀವೇ ಒಂದು ಪುಟದಲ್ಲಿ ಬರೆದು, ಮುಚ್ಚಿದ ಲಕೋಟೆಯಲ್ಲಿ ಅವರ ಹೆಸರಿಗೆ ಕಳಿಸಿ.

‘ಈತ ಮೊದಲಿನಿಂದಲೂ ಪುಂಡ’ ಎಂಬ ವಾಕ್ಯದಿಂದ ಯಾರಿಗೂ ಉಪಯೋಗವಿಲ್ಲ. ಹೀಗೆ ಬರೆಯಿರಿ: ‘ಜೂನ್‌ನಲ್ಲಿ 24 ದಿನಕ್ಕೆ 22 ಹಾಜರಿ, ಆಗಸ್ಟ್‌ನಲ್ಲಿ 23ಕ್ಕೆ 9. ಆಗಸ್ಟ್ ಎರಡನೇ ವಾರದಿಂದ ತಾಯಿ ಗೋವಾಕ್ಕೆ ಕೂಲಿಗೆ ಹೋಗಿದ್ದಾರೆ. ಮನೆಯಲ್ಲಿ ಅಜ್ಜಿ ಮಾತ್ರ.’ ಗೈರಿನ ಕಾರಣ ಹುಡುಕಿದರೆ ಸಾಮಾನ್ಯವಾಗಿ ಇಂಥದ್ದೇ ಸಿಗುತ್ತದೆ: ಗುಳೆ, ಬ್ಯಾಡಗಿಯ ಮೆಣಸಿನಕಾಯಿ ಸುಗ್ಗಿ, ಹುಬ್ಬಳ್ಳಿಯ ಗ್ಯಾರೇಜು. ಪಂಕ್ಚರ್ ಸಲ್ಯೂಷನ್ ಮೂಸುವ ಚಟದ ಗುಮಾನಿಯಿದ್ದರೆ ಮುಚ್ಚಿಡಬೇಡಿ. ವ್ಯಸನಮುಕ್ತಿ ಚಿಕಿತ್ಸೆಗೂ ಮಂಡಳಿ ಆದೇಶಿಸಬಹುದು, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರದಲ್ಲೇ ಇದೆ. ಕೊನೆಗೆ ಶಾಲೆ ಏನು ಮಾಡಲು ಸಿದ್ಧ ಎಂದು ಎರಡು ಸಾಲು: ಯಾವ ಶಿಕ್ಷಕರು ನೋಡಿಕೊಳ್ಳುತ್ತಾರೆ, ಯಾವ ವಿಷಯಕ್ಕೆ ಪರಿಹಾರ ಬೋಧನೆ.

ವಯಸ್ಸಿನ ದಾಖಲೆಗೆ ಮೊದಲು ಕೇಳುವುದೂ ಶಾಲೆಯನ್ನೇ. ಪ್ರವೇಶ ದಾಖಲಾತಿ ಪುಸ್ತಕದ ದೃಢೀಕೃತ ನಕಲನ್ನು ಅಂದೇ ಕೊಡಿ. ನಮ್ಮ ಕಡೆ ಅರ್ಧ ತರಗತಿಯ ಜನ್ಮದಿನ ಜೂನ್ 1 ಇರುವುದು ಗೊತ್ತಿರುವ ಸಂಗತಿ. ಅದು ಸುಳ್ಳೆನಿಸಿದರೂ ಈಗ ತಿದ್ದಲು ಹೋಗಬೇಡಿ. ತಿದ್ದಿದ ದಾಖಲೆ ಇಡೀ ಪುಸ್ತಕದ ಮೇಲೇ ಅನುಮಾನ ಹುಟ್ಟಿಸುತ್ತದೆ.

ದಿನಾಂಕಗಳ ಜಗ್ಗಾಟ

ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಎರಡು ತಿಂಗಳು ವಿಸ್ತರಿಸಬಹುದು. ಅಂದರೆ ಹೆಚ್ಚುಕಡಿಮೆ ಒಂದು ಇಡೀ ಶೈಕ್ಷಣಿಕ ಅವಧಿ. ಹಿರೇಕೆರೂರಿನ ಹುಡುಗ ಹಾವೇರಿಗೆ, ರೋಣದವನು ಗದಗಿಗೆ ಹೋಗಿ ಬಂದರೆ ಆ ದಿನ ಮುಗಿಯಿತು. ಹತ್ತನೇ ತರಗತಿಯವನಾದರೆ ಎಸ್ಸೆಸ್ಸೆಲ್ಸಿಗೆ ಶೇ 75 ಹಾಜರಿ ಬೇಕು, ಹೀಗೆ ಹೋದ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ದಾರಿ 91ನೇ ಕಲಂನಲ್ಲಿದೆ: ಮಗುವಿನ ಹಾಜರಿ ಅಗತ್ಯವಿಲ್ಲ ಎನಿಸಿದರೆ ಮಂಡಳಿ ವಿನಾಯಿತಿ ಕೊಡಬೇಕು. ಅದನ್ನು ಯಾರಾದರೂ ಕೇಳಬೇಕಷ್ಟೆ. ಪರೀಕ್ಷಾ ವೇಳಾಪಟ್ಟಿ ಬಂದ ಕೂಡಲೇ ಸಹಿ, ಮೊಹರು ಹಾಕಿದ ಪ್ರತಿಯನ್ನು ವಕೀಲರಿಗೂ ಪರಿವೀಕ್ಷಣಾಧಿಕಾರಿಗೂ ತಲುಪಿಸಿ. ಹಿಂದಿನ ದಿನ ಫೋನ್ ಮಾಡಿದರೆ ಆಗುವುದಿಲ್ಲ. ಹಾಜರಿ ಕೊರತೆಯಾಗುವ ಲಕ್ಷಣವಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಡಿಸೆಂಬರಿನಲ್ಲೇ ಗೋಪ್ಯ ಪತ್ರ ಬರೆಯಿರಿ, ಫೆಬ್ರುವರಿಯವರೆಗೆ ಕಾಯಬೇಡಿ.

‘ಶಾಲೆಗೆ ಹೋಗು’ ಎಂಬ ಆದೇಶ ಬಂದಾಗ ಇನ್ನೊಂದು ತಪ್ಪಾಗುತ್ತದೆ. ಹುಡುಗ ಒಂದು ದಿನ ತಪ್ಪಿಸಿದರೂ ಶಾಲೆ ಮಂಡಳಿಗೆ ದೂರು ಬರೆಯುತ್ತದೆ, ಅವನಿಗೆ ಹಾಜರಿ ಪುಸ್ತಕ ಬೇಡಿಯಂತೆ ಕಾಣತೊಡಗುತ್ತದೆ. ಎರಡು ದಿನ ಬರದಿದ್ದರೆ ಮನೆಗೆ ಹೋಗಿ ನೋಡಿ, ಮೂರನೇ ದಿನ ಪರಿವೀಕ್ಷಣಾಧಿಕಾರಿಗೆ ಫೋನ್ ಮಾಡಿ. ತಿಂಗಳಿಗೊಮ್ಮೆ ಐದು ಸಾಲಿನ ವರದಿ ಸಾಕು. ಬಸ್ ಪಾಸ್ ಅವಧಿ ಮುಗಿದು ನಿಂತುಬಿಟ್ಟವರೂ ಇರುತ್ತಾರೆ, ಅದನ್ನೂ ಕೇಳಿ.

ಟಿಸಿ

ನಮ್ಮ ಅಭಿಪ್ರಾಯದಲ್ಲಿ, ಹೆದರಿಸಿ ಕೈಗಿಡುವ ಟಿಸಿ ಎಂದರೆ ಮಂಡಳಿ ಕೊಡದ ಶಿಕ್ಷೆಯನ್ನು ಶಾಲೆ ಕೊಟ್ಟಂತೆ. ಎಂಟನೇ ತರಗತಿ ಮುಗಿಯುವವರೆಗೆ ಹೊರಹಾಕುವಂತೆಯೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಸ್ಪಷ್ಟವಾಗಿದೆ. ಒಂಬತ್ತು, ಹತ್ತಕ್ಕೆ ಆ ರಕ್ಷಣೆ ಇಲ್ಲದ್ದರಿಂದಲೇ ಒತ್ತಡ ಅಲ್ಲಿ ಹೆಚ್ಚು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಪಾಲಕರು ಗದ್ದಲ ಮಾಡಿದರೆ ಆರೋಪದ ಚರ್ಚೆಗೆ ಇಳಿಯದೆ, ಮಕ್ಕಳ ಸುರಕ್ಷತೆಗೆ ಏನು ಮಾಡಿದ್ದೀರಿ ಎಂಬುದನ್ನಷ್ಟೇ ಹೇಳಿ: ತರಗತಿಯ ಸೆಕ್ಷನ್ ಬದಲು, ಊಟದ ವೇಳೆಯ ಮೇಲ್ವಿಚಾರಣೆ.

ನೊಂದ ಮಗು ಅದೇ ಶಾಲೆಯಲ್ಲಿದ್ದರೆ ಅದರ ನೆಮ್ಮದಿ ಮೊದಲು. ಆಗ ಆರೋಪಿ ಹುಡುಗನಿಗೆ ವರ್ಗಾವಣೆ ಅನಿವಾರ್ಯವಾಗಬಹುದು. ಹಾಗಾದರೆ ಮೊದಲು ಬಿಇಒ ಕಚೇರಿ ಮೂಲಕ ಹೊಸ ಶಾಲೆಯಲ್ಲಿ ಜಾಗ ಖಚಿತಪಡಿಸಿ, ಆಮೇಲೆ ಟಿಸಿ ಬರೆಯಿರಿ, ಎರಡೂ ಒಂದೇ ದಿನ ಆಗಲಿ. ನಡುವೆ ಒಂದು ವಾರ ಬಿಟ್ಟರೆ ಹುಡುಗ ಗ್ಯಾರೇಜಿನಲ್ಲಿರುತ್ತಾನೆ.

ವಿಚಾರಣೆಯ ವೇಳೆ ಮಕ್ಕಳನ್ನು ಇರಿಸುವ ವೀಕ್ಷಣಾಲಯದಲ್ಲಿರುವವನಿಗೆ ಪಠ್ಯಪುಸ್ತಕ, ನೋಟುಪುಸ್ತಕ ಕಳಿಸುತ್ತಿರಿ. ಮರಳಿ ಬರುವ ದಿನ ಪ್ರಾರ್ಥನೆ ಮುಗಿದ ಮೇಲೆ ತರಗತಿ ಶಿಕ್ಷಕರೇ ಒಳಗೆ ಕರೆದೊಯ್ಯಲಿ, ಭಾಷಣ ಬೇಡ.

ಪ್ರಕರಣದ ಕಾಗದಗಳನ್ನು ವಿದ್ಯಾರ್ಥಿಯ ಕಡತಕ್ಕೆ ಸೇರಿಸದೆ ಪ್ರತ್ಯೇಕವಾಗಿ ಬೀಗದೊಳಗಿಡಿ. ಕಾಲೇಜಿಗೆ ಹೋಗುವುದು ಟಿಸಿ ಮತ್ತು ಅಂಕಪಟ್ಟಿ ಮಾತ್ರ. ಬಾಲನ್ಯಾಯ ಕಾಯ್ದೆಯ 24ನೇ ಕಲಂ ಪ್ರಕಾರ ಮುಗಿದ ಪ್ರಕರಣ ಅವನಿಗೆ ಅನರ್ಹತೆ ತರುವಂತಿಲ್ಲ. 16 ದಾಟಿ ಘೋರ ಅಪರಾಧದಲ್ಲಿ ಮಕ್ಕಳ ನ್ಯಾಯಾಲಯ ತಪ್ಪಿತಸ್ಥನೆಂದವನಿಗೆ ಮಾತ್ರ ಈ ರಕ್ಷಣೆ ಇಲ್ಲ. ಮುಂದೆಂದೋ ಸೈನ್ಯ ಭರ್ತಿಗೆ ಹೋದಾಗ ಯಾರಾದರೂ ಫೋನ್ ಮಾಡಿ ‘ಹುಡುಗ ಹೆಂಗಿದ್ನರೀ’ ಎಂದು ಕೇಳಿದರೆ, ಟಿಸಿ ಪುಸ್ತಕ ತೆಗೆದು ನಡತೆಯ ಕಾಲಂನಲ್ಲಿ ಇರುವುದನ್ನು ಓದಿ ಹೇಳಿ, ಅಷ್ಟೇ.