ಗುಲಾಬಿ ಕಡ್ಡಿ ನೆಡುವವರು ಚಿಗುರು ನೋಡಿ ಮೋಸಹೋಗಬೇಡಿ

ನೆಟ್ಟ ಎರಡು ವಾರದೊಳಗೆ ಗುಲಾಬಿ ಕಡ್ಡಿ ಚಿಗುರುತ್ತದೆ. ಬೇರು ಬಂತೆಂದು ಬಿಸಿಲಿಗೆ ಇಟ್ಟರೆ ನಾಲ್ಕೇ ದಿನಕ್ಕೆ ಬಾಡುತ್ತದೆ. ಆ ಚಿಗುರು ಬಂದದ್ದು ಕಡ್ಡಿಯೊಳಗೆ ಉಳಿದಿದ್ದ ಆಹಾರದಿಂದ. ಬೇರಿಗೆ ಇನ್ನೂ ಎರಡು ಮೂರು ವಾರ ಬೇಕು.

ಚಿಕ್ಕಬಳ್ಳಾಪುರ, ಕೋಲಾರದ ಕಡೆ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಬೇಸಿಗೆಯ ಒಣಗಾಳಿಗೆ ಕಡ್ಡಿ ಬೇರು ಬಿಡುವ ಮುಂಚೆಯೇ ಒಣಗುತ್ತದೆ. ಡಿಸೆಂಬರ್ ಚಳಿಯಲ್ಲಿ ಎಲ್ಲವೂ ನಿಧಾನ.

ಪನ್ನೀರು ಗುಲಾಬಿ, ಬಟನ್ ಗುಲಾಬಿಗಳದು ತಕರಾರಿಲ್ಲ. ಪಾಲಿಹೌಸ್‌ನ ಉದ್ದ ಕಾಂಡದ ತಳಿಗಳು ಸಾಮಾನ್ಯವಾಗಿ ಬೇರೊಂದು ಗುಲಾಬಿಯ ಬುಡಕ್ಕೆ ಕಸಿ ಮಾಡಿದವು. ಅವುಗಳ ಕಡ್ಡಿ ಬೇರು ಬಿಟ್ಟರೂ ಗಿಡಕ್ಕೆ ಅಷ್ಟು ಕಸುವು ಇರುವುದಿಲ್ಲ. ಬೊಕೆಯಲ್ಲಿ ಬಂದ ಕಡ್ಡಿ ನೆಡುವುದಂತೂ ಬರೀ ಆಸೆ.

ಈಗಷ್ಟೇ ಹೂ ಬಿಟ್ಟು ಮುಗಿಸಿದ, ಪೆನ್ಸಿಲ್ ದಪ್ಪದ ಕೊಂಬೆ ಆರಿಸಿ. ಮುಳ್ಳನ್ನು ಪಕ್ಕಕ್ಕೆ ಒತ್ತಿದರೆ ಟಕ್ಕನೆ ಮುರಿದು ಬರಬೇಕು. ಸಿಪ್ಪೆ ಸುಲಿದುಕೊಂಡು ಬಂದರೆ ಕೊಂಬೆ ಇನ್ನೂ ಎಳಸು. ಬೆಳಗಿನ ಹೊತ್ತು ಆರರಿಂದ ಎಂಟು ಇಂಚು ಉದ್ದಕ್ಕೆ, ಮೂರು ನಾಲ್ಕು ಗೆಣ್ಣು ಇರುವಂತೆ ಕತ್ತರಿಸಿ. ಕೆಳಗಿನ ಕಚ್ಚು ಗೆಣ್ಣಿನ ಕೆಳಗೇ ಇರಲಿ, ಬೇರು ಹೆಚ್ಚಾಗಿ ಹೊರಡುವುದು ಅಲ್ಲಿಂದ. ಮೇಲಿನದು ಚಿಗುರು ಹೊರಡುವ ಕಣ್ಣಿಗಿಂತ ಕಾಲಿಂಚು ಮೇಲೆ, ಓರೆಯಾಗಿ. ತಲೆ ಕೆಳಗಾಗಿ ನೆಡದಿರಲು ಈ ಓರೆಯೇ ಗುರುತು. ಮೇಲಿನ ಒಂದೆರಡು ಎಲೆ ಬಿಟ್ಟು ಉಳಿದವನ್ನು ತೆಗೆಯಿರಿ. ಕತ್ತರಿ ಹರಿತವಾಗಿರಲಿ, ಜಜ್ಜಿದ ತುದಿ ಕೊಳೆಯುತ್ತದೆ.

ಲೀಟರ್ ನೀರಿಗೆ ಒಂದು ಗ್ರಾಂ ಕಾರ್ಬೆಂಡಾಜಿಮ್ ಎಂಬ ಶಿಲೀಂಧ್ರನಾಶಕ ಕಲಸಿ, ಗ್ಲೌಸ್ ಹಾಕಿಕೊಂಡು ಕಡ್ಡಿಗಳನ್ನು ಹತ್ತು ನಿಮಿಷ ಅದ್ದಿಡಿ. ನೀರು ಆರಿದ ಮೇಲೆ ಬುಡದ ಒಂದಿಂಚಿಗೆ ಬೇರು ಬರಿಸುವ ಪುಡಿ ಹಚ್ಚಿ, ಹೆಚ್ಚಾದದ್ದನ್ನು ಕೊಡವಿ. ಲೋಳೆಸರ, ಜೇನು ಹಚ್ಚುವವರಿದ್ದಾರೆ. ಕೆಟ್ಟದ್ದೇನಿಲ್ಲ, ಪುಡಿಯಷ್ಟು ನಂಬಿಕೆ ಬೇಡ.

ಕೆಮ್ಮಣ್ಣು, ಮರಳು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸಮಪಾಲು. ಗೊಬ್ಬರ ಬೇಡವೇ ಬೇಡ: ಬೇರಿಲ್ಲದ ಕಡ್ಡಿಗೆ ಅದು ಆಹಾರವಲ್ಲ, ಕೊಳೆತಕ್ಕೆ ದಾರಿ. ತಳದಲ್ಲಿ ತೂತಿರುವ ನರ್ಸರಿ ಕವರಿಗೆ ತುಂಬಿ, ಮೊದಲು ಕೋಲಿನಿಂದ ಕುಳಿ ಮಾಡಿ, ಇಲ್ಲದಿದ್ದರೆ ಪುಡಿ ಉಜ್ಜಿ ಹೋಗುತ್ತದೆ. ಎರಡು ಗೆಣ್ಣು ಮಣ್ಣೊಳಗೆ ಹೋಗಲಿ. ಸುತ್ತ ಒತ್ತಿ, ನೀರು ಚಿಮುಕಿಸಿ.

ಮರದ ನೆರಳಲ್ಲೋ ಶೇಡ್ ನೆಟ್ ಕೆಳಗೋ ಇಟ್ಟು, ಪಾರದರ್ಶಕ ಪ್ಲಾಸ್ಟಿಕ್ ಚೀಲ ಕವಿಚಿ. ಚೀಲ ಎಲೆಗೆ ತಾಗದಿರಲಿ. ನೇರ ಬಿಸಿಲು ಬಿದ್ದರೆ ಒಳಗೆ ಬೆಂದುಹೋಗುತ್ತದೆ. ಮೂರು ದಿನಕ್ಕೊಮ್ಮೆ ಹತ್ತು ನಿಮಿಷ ತೆರೆದು ಗಾಳಿ ಕೊಡಿ. ಮಣ್ಣು ಒದ್ದೆ ಬಟ್ಟೆ ಹಿಂಡಿದಷ್ಟು ಹಸಿಯಾಗಿದ್ದರೆ ಸಾಕು. ನಮ್ಮ ಕಡೆಯ ಕೊಳವೆಬಾವಿ ನೀರು ಎಷ್ಟೋ ಕಡೆ ಗಡಸು. ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದರೆ ಮಳೆ ನೀರು ಹಿಡಿದಿಟ್ಟು ಬಳಸಿ.

ಕಡ್ಡಿ ಬುಡದಿಂದ ಕಪ್ಪಾದರೆ ನೀರು ಜಾಸ್ತಿ, ಮೇಲಿಂದ ಒಣಗಿದರೆ ತೇವ ಸಾಲದು. ಬುಡ ಕಪ್ಪಾದದ್ದನ್ನು ಅಂದೇ ಎತ್ತಿ ಎಸೆಯಿರಿ. ಬೇರು ಬಂತೇ ಎಂದು ಕಡ್ಡಿ ಎಳೆದು ನೋಡಬೇಡಿ, ಎಳೆ ಬೇರು ಕಡಿಯುತ್ತದೆ. ಕವರಿನ ತೂತಿನಲ್ಲಿ ಬಿಳಿ ಬೇರು ಇಣುಕಿದರೆ ಅದೇ ಸಾಕ್ಷಿ. ಐದಾರು ವಾರ ಹಿಡಿಯಬಹುದು. ಆಮೇಲೆ ವಾರವಿಡೀ ಚೀಲವನ್ನು ದಿನಕ್ಕಿಷ್ಟು ಹೆಚ್ಚು ಹೊತ್ತು ತೆಗೆದಿಟ್ಟು, ಬೆಳಗಿನ ಬಿಸಿಲು ರೂಢಿ ಮಾಡಿಸಿ. ಎರಡು ತಿಂಗಳಾದ ಮೇಲೆ ಮಣ್ಣಿನ ಮುದ್ದೆ ಒಡೆಯದಂತೆ ಕುಂಡಕ್ಕೆ ಬದಲಿಸಿ. ಮೊದಲ ಮೊಗ್ಗುಗಳನ್ನು ಚಿವುಟಿ ಹಾಕಿ.