ಪುಟ್ಟ ಉಗಿಬಂಡಿ ಕಲಿಸುವ ವಿಡಿಯೋ: ಬೆಂಕಿಯ ಭಾಗಕ್ಕೆ ನಾನು ಕತ್ತರಿ ಹಾಕುವುದಿಲ್ಲ

ಶಿವಮೊಗ್ಗದಲ್ಲಿ ಲೇತ್ ಮುಂದೆ ನಿಂತು 20 ವರ್ಷ ಆಯಿತು. ಹಗಲೆಲ್ಲ ಟಿಲ್ಲರ್, ಅಡಿಕೆ ಸುಲಿಯುವ ಮೆಷಿನ್‌ಗಳ ಬಿಡಿಭಾಗ. ರಾತ್ರಿ ಊಟ ಆದ ಮೇಲೆ ಮನೆ ಹಿಂದಿನ ಶೆಡ್‌ನಲ್ಲಿ ಪುಟ್ಟ ಉಗಿಬಂಡಿ, ಅಂದರೆ ನಿಜವಾದ ಉಗಿಯಲ್ಲೇ ಓಡುವ ಮಾದರಿ ರೈಲು ಎಂಜಿನ್. ಎರಡು ವರ್ಷದಿಂದ ಹೊಸಬರಿಗೆ ಅಂತ ಕನ್ನಡದಲ್ಲಿ ವಿಡಿಯೋನೂ ಮಾಡುತ್ತಿದ್ದೇನೆ.

ನನ್ನ ಬಂಡಿ ಓಡುವುದು 45 ಮಿ.ಮೀ ಹಳಿಯ ಮೇಲೆ. ನಮ್ಮ ತಾಳಗುಪ್ಪ ಲೈನು ಮೊದಲು ಮೀಟರ್ ಗೇಜ್ ಇತ್ತಲ್ಲ, ಅಂದರೆ ಹಳಿಗಳ ನಡುವೆ 1000 ಮಿ.ಮೀ. ಅದನ್ನು 45ಕ್ಕೆ ಇಳಿಸಿದರೆ ಸುಮಾರು 22ರಲ್ಲಿ ಒಂದು ಪಾಲು. ಈಗಿನ ಬ್ರಾಡ್‌ಗೇಜ್ 1676 ಮಿ.ಮೀ. ನನಗೆ ಆ ಹಳೇ ಲೈನಿನ ಬಂಡಿಯೇ ಬೇಕಿತ್ತು, ಅದಕ್ಕೇ ಈ ಅಳತೆ.

ನಾನೂ ಕಲಿತದ್ದು ಇಂಗ್ಲಿಷ್ ವಿಡಿಯೋ ನೋಡಿಯೇ. ಲೇತ್ ಕೆಲಸದಲ್ಲಿ ತೊಂದರೆ ಆಗಲಿಲ್ಲ. ಎಡವಿದ್ದು ಬಾಯ್ಲರ್ ಬೆಸುಗೆಯಲ್ಲಿ. ವಿಡಿಯೋದಲ್ಲಿ ಟಾರ್ಚ್ ಹಚ್ಚುತ್ತಾರೆ. ಮುಂದಿನ ದೃಶ್ಯದಲ್ಲಿ ಬೆಸುಗೆ ಮುಗಿದು ಹೊಳೆಯುತ್ತಿರುತ್ತದೆ. ನಡುವೆ ಏನಾಯಿತು? ನಾನು ಬೆಳ್ಳಿ ಬೆಸುಗೆಯ ಕಡ್ಡಿಯನ್ನು ನೇರ ಬೆಂಕಿಗೆ ಹಿಡಿದೆ. ಅದು ಉಂಡೆಯಾಗಿ ತಾಮ್ರದ ಮೇಲೆ ಬಿದ್ದು ಕೂತಿತು. ನೋಡೋಕೆ ಚೆನ್ನಾಗೇ ಇತ್ತು. ನೀರು ತುಂಬಿ ಒತ್ತಡ ಕೊಟ್ಟರೆ ಚದರ ಸೆಂ.ಮೀಗೆ 2 ಕೆಜಿಗೇ ಬಾಯ್ಲರಿನ ಮುಂಬದಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ಹನಿ ಮೂಡಿದವು.

ಅದನ್ನು ಹಿಡಿದುಕೊಂಡು ಗಾಂಧಿ ಬಜಾರಿಗೆ ಹೋದೆ. ಪರಿಚಯದ ಅಕ್ಕಸಾಲಿ ಒಬ್ಬರಿದ್ದಾರೆ, ನಾವೆಲ್ಲ ಆಚಾರ್ರು ಅಂತಲೇ ಕರೆಯುವುದು. ತಿರುಗಿಸಿ ನೋಡಿದರು.

"ಕಡ್ಡೀನ ಬೆಂಕಿ ಕರಗಿಸಬಾರದು ಮಾರಾಯ. ಕಾದ ತಾಮ್ರವೇ ಅದನ್ನ ಕರಗಿಸಬೇಕು."

ಎರಡು ತುಂಡು ತಾಮ್ರ ಇಟ್ಟು ಮಾಡಿಯೇ ತೋರಿಸಿದರು. ಬೆಸುಗೆ ಹಿಡಿಯಲಿ ಅಂತ ಹಚ್ಚಿದ ಬಿಳಿಗಾರ (ಬೊರಾಕ್ಸ್) ಮೊದಲು ಉಬ್ಬಿ ಬೆಳ್ಳಗೆ ನೊರೆಯಾಯಿತು. ಆಮೇಲೆ ಇಳಿದು ಕರಗಿ ನೀರಿನ ಹಾಗೆ ತಿಳಿಯಾಯಿತು. ಕೆಳಗಿನ ತಾಮ್ರ ಮಬ್ಬು ಕೆಂಪಿಗೆ ತಿರುಗಿತು. ಆಗ ಬೆಂಕಿ ಪಕ್ಕಕ್ಕೆ ಸರಿಸಿ ಕಡ್ಡಿಯನ್ನು ಸುಮ್ನೆ ಮುಟ್ಟಿಸಿದರು. ಅಷ್ಟೇ, ಬಿಸಿ ಕಾವಲಿ ಮೇಲೆ ಎಣ್ಣೆ ಹರಿದ ಹಾಗೆ ಸರ್ರನೆ ಓಡಿ ಸಂದಿಯೊಳಗೆ ಇಳಿದು ಹೋಯಿತು. ಸಂದಿ ಒಂದು ಮಿ.ಮೀನ ಹತ್ತನೇ ಒಂದು ಪಾಲಿನಷ್ಟಿದ್ದರೆ ಸಾಕು, ತಾನಾಗಿಯೇ ಎಳೆದುಕೊಳ್ಳುತ್ತದೆ. ಸಂದಿ ಜಾಸ್ತಿ ಇದ್ದರೆ ಎಳೆಯುವುದಿಲ್ಲ.

ನಾನು ವಿಡಿಯೋ ಮಾಡಬೇಕು ಅಂದುಕೊಂಡದ್ದು ಅಲ್ಲಿಯೇ. ಬೆಸುಗೆಯ ವಿಡಿಯೋದಲ್ಲಿ ಟಾರ್ಚ್ ಹಚ್ಚಿದಲ್ಲಿಂದ ಆರಿಸುವವರೆಗೆ 12 ನಿಮಿಷ, ಒಂದು ಕಡೆಯೂ ಕತ್ತರಿಸಿಲ್ಲ. ಬೇಜಾರಾಗುತ್ತೆ ಅಂತ ಕೆಲವರು ಹೇಳಿದರು. ಆದರೆ ಹೊಸಬರು ಕಾಯಬೇಕಾದ ಹೊತ್ತು ಎಷ್ಟು ಅಂತ ಗೊತ್ತಾಗುವುದು ಹಾಗೇ ಅಲ್ವಾ? ಕತ್ತರಿಸಿದರೆ ಅವರು ಅವಸರ ಮಾಡುತ್ತಾರೆ, ನಾನು ಮಾಡಿದ ಹಾಗೆ.

ಮೊಬೈಲ್ ಕ್ಯಾಮೆರಾ ಇಲ್ಲಿ ಮೋಸ ಮಾಡುತ್ತದೆ. ಬೆಳಕನ್ನು ತಾನೇ ಹೊಂದಿಸಿಕೊಳ್ಳಲು ಬಿಟ್ಟರೆ ಮಬ್ಬು ಕೆಂಪು ಕಿತ್ತಳೆಯಾಗಿ ಕಾಣುತ್ತದೆ. ಹಾಗಾಗಿ ಟ್ಯೂಬ್‌ಲೈಟ್ ಆರಿಸುತ್ತೇನೆ, ಕ್ಯಾಮೆರಾದ ಬೆಳಕಿನ ಮಟ್ಟ ಲಾಕ್ ಮಾಡುತ್ತೇನೆ, ಕಣ್ಣಿಗೆ ಕಂಡ ಬಣ್ಣವನ್ನು ಬಾಯಲ್ಲೂ ಹೇಳುತ್ತೇನೆ. ಶೆಡ್ಡಿನ ಮೇಲೆ ಶೀಟು ಇರುವುದರಿಂದ ಮಳೆಗಾಲದಲ್ಲಿ ನನ್ನ ಮಾತು ನನಗೇ ಕೇಳಿಸುವುದಿಲ್ಲ. ಮಾತಿರುವ ಭಾಗಗಳನ್ನೆಲ್ಲ ದೀಪಾವಳಿ ಕಳೆದ ಮೇಲೆ ಮಾಡುವುದು.

ಬಾಯ್ಲರ್ ಒಳಗೆ ಹೇಗಿರುತ್ತದೆ ಅಂತ ವಿವರಿಸಲು ನಮ್ಮ ಬಚ್ಚಲಿನಲ್ಲೇ ಎಲ್ಲ ಇದೆ. ಹಂಡೆಗೆ ಕೆಳಗಿನಿಂದ ಬೆಂಕಿ, ತೀರಾ ಸರಳವಾದ ಮಾದರಿ ಬಾಯ್ಲರೂ ಹಾಗೇ. ನಡುವೆ ಕೊಳವೆ ಇಟ್ಟು ಇದ್ದಿಲು ಹಾಕುವ ತಾಮ್ರದ ಬಾಯ್ಲರ್ ಹಲವರ ಮನೆಯಲ್ಲಿತ್ತು. ಅದನ್ನು ಅಡ್ಡ ಮಲಗಿಸಿ, ಕೊಳವೆಯ ಜಾಗಕ್ಕೆ ಸಣ್ಣ ಕೊಳವೆಗಳ ಗುಂಪು ಹಾಕಿದರೆ ರೈಲ್ವೆ ಬಾಯ್ಲರ್‌ಗೆ ಹತ್ತಿರ ಬಂದ ಹಾಗೆ. ಇದನ್ನು ಹೇಳಿದ ಮೇಲೆ ಪಾಠ ಅರ್ಧಕ್ಕರ್ಧ ಸಲೀಸಾಯಿತು. ಬೆಸುಗೆ ಆದ ಮೇಲೆ ಕಪ್ಪಾದ ತಾಮ್ರ ತೊಳೆಯಲು ಪುಸ್ತಕಗಳಲ್ಲಿ ಜೋರಾದ ಆ್ಯಸಿಡ್ ಹೇಳುತ್ತಾರೆ. ನಾನು ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್ ಹರಳು) ಕರಗಿಸಿದ ಬಿಸಿನೀರು ಬಳಸುತ್ತೇನೆ. ಮೇಲ್ಮೈಗೆ ಹುಣಸೆಹಣ್ಣೂ ಆಗುತ್ತದೆ.

ಬಂಡಿಯಿಂದಲೇ ಶುರು ಮಾಡಬೇಡಿ. ಮೊದಲು ತೂಗುವ ಸಿಲಿಂಡರಿನ ಎಂಜಿನ್ ಒಂದು ಮಾಡಿ. ಸಿಲಿಂಡರೇ ತೊಟ್ಟಿಲಿನ ಹಾಗೆ ಅತ್ತಿತ್ತ ತೂಗುತ್ತದೆ. ಒಂದು ಕಡೆ ವಾಲಿದಾಗ ಅದರ ತೂತು ಉಗಿ ಬರುವ ತೂತಿಗೆ ಸೇರುತ್ತದೆ, ಇನ್ನೊಂದು ಕಡೆ ವಾಲಿದಾಗ ಉಗಿ ಹೊರಹೋಗುವ ತೂತಿಗೆ. ಬೇರೆ ವಾಲ್ವ್ ಬೇಡ.

ಪ್ರತಿ ವಿಡಿಯೋದಲ್ಲೂ ಹೇಳುವ ಮಾತು ಒಂದಿದೆ. ಬಾಯ್ಲರಿಗೆ ಬೆಂಕಿ ಹಚ್ಚುವ ಮೊದಲು ತಣ್ಣೀರಿನಲ್ಲಿ ಪರೀಕ್ಷೆ ಮಾಡಿ. 3 ಕೆಜಿಗೆ ಓಡಿಸುವುದಾದರೆ 6 ಕೆಜಿ ಒತ್ತಡ. ಒಳಗೆ ಗಾಳಿ ಉಳಿಯದಂತೆ ಪೂರ್ತಿ ನೀರು ತುಂಬಬೇಕು. ಕಂಪ್ರೆಸರ್ ಗಾಳಿಯಲ್ಲಿ ಖಂಡಿತ ಮಾಡಬೇಡಿ. ಗಾಳಿ ಸ್ಪ್ರಿಂಗಿನ ಹಾಗೆ ಅದುಮಿಕೊಂಡಿರುತ್ತದೆ, ಒಡೆದರೆ ಸಿಡಿಯುತ್ತದೆ. ನೀರು ಅದುಮಿಕೊಳ್ಳುವುದೇ ಇಲ್ಲ ಅನ್ನಬಹುದು, ಒಡೆದರೂ ಸೋರಿ ಸುಮ್ಮನಾಗುತ್ತದೆ. ಪಂಪಿಗೆ ದುಡ್ಡು ಹಾಕಬೇಕಿಲ್ಲ. ಪೈಪ್ ಲೈನ್ ಪರೀಕ್ಷೆ ಮಾಡುವ ಪ್ಲಂಬರ್ ಹತ್ತಿರ ಕೈಪಂಪು ಇರುತ್ತದೆ, ಒಂದು ಸಂಜೆಗೆ ಕೇಳಿ ತನ್ನಿ. ತವರದ ಬೆಸುಗೆ ಬಾಯ್ಲರಿಗೆ ಬೇಡ. ತವರ-ಸೀಸದ ಮಾಮೂಲಿ ಬೆಸುಗೆ ಕರಗುವುದು 183 ಡಿಗ್ರಿ ಆಸುಪಾಸಿನಲ್ಲಿ. 3 ಕೆಜಿ ಒತ್ತಡದ ಉಗಿಯೇ 144 ಡಿಗ್ರಿ ಇರುತ್ತದೆ. ನೀರು ಸ್ವಲ್ಪ ಕಡಿಮೆಯಾಗಿ ತಾಮ್ರ ಕಾದರೆ ಕಥೆ ಮುಗಿಯಿತು.

ಓಡಿಸುವುದು ಸಂಜೆ ನೆರಳಿನಲ್ಲಿ. ಸ್ಪಿರಿಟ್ ದೀಪದ ಉರಿ ಬಿಸಿಲಿನಲ್ಲಿ ಕಾಣುವುದೇ ಇಲ್ಲ, ಮಕ್ಕಳು ಕೈ ಹಾಕಿಬಿಡುತ್ತಾರೆ. ಬಾಯ್ಲರಿಗೆ ಸೋಸಿದ ಮಳೆನೀರು ಹಾಕುತ್ತೇನೆ, ಒಳಗೆ ಗಸಿ ಕಟ್ಟುವುದಿಲ್ಲ.

ಹೋದ ತಿಂಗಳು ಸಾಗರದಿಂದ ಒಬ್ಬ ಹುಡುಗ ತನ್ನ ಮೊದಲ ಬಾಯ್ಲರನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದ. ಇಬ್ಬರೂ ಸೇರಿ ಪಂಪು ಒತ್ತಿದೆವು. ಮುಳ್ಳು 6ಕ್ಕೆ ಹೋಗಿ ನಿಂತಿತು, ಹತ್ತು ನಿಮಿಷ ಅಲ್ಲಾಡಲಿಲ್ಲ. ನಾನು ಬೆರಳಿನಲ್ಲಿ ಒಂದೊಂದೇ ಸಂದಿ ಮುಟ್ಟಿ ನೋಡುತ್ತಿದ್ದೆ.

"ಒಣಗಿದ್ಯಾ ಅಣ್ಣ?" ಅಂತ ಮೂರು ಸಲ ಕೇಳಿದ.

ಒಣಗಿತ್ತು.